ತೊಳೆಯದೇ ಉಳಿದ ಕಂಬಳಿ

ಕೆಳಗೆ ನೋಡಬೇಡ ಅಂತ ಯಾರಾದರೂ ಹೇಳಿದರೆ ಮನುಷ್ಯ ಮೊದಲು ಮಾಡುವ ಕೆಲಸವೇ ಕೆಳಗೆ ನೋಡುವುದು. ಪಾತಮ್ಮನೂ ಅದನ್ನೇ ಮಾಡಿದಳು.

ಅಷ್ಟೇ... ಕಾಲು ನಿಂತುಬಿಟ್ಟವು.

ಬೆಂಗಳೂರಿನ ಹಳೇ ಪೇಟೆಯ ಸಂದಿಯೊಂದರಲ್ಲಿ ಯಾರೂ ತಲೆಯೆತ್ತಿ ನೋಡದ ಗಡಿಯಾರದ ಗೋಪುರ ಅದು. ಒಳಗೆ ಸುರುಳಿ ಸುತ್ತಿದ ಕಬ್ಬಿಣದ ಮೆಟ್ಟಿಲು. ಮೆಟ್ಟಿಲಿನ ತೂತುಗಳಿಂದ ಕೆಳಗಿನ ನೆಲ ದುಂಡಗೆ, ಕಪ್ಪಗೆ ಕಾಣುತ್ತಿತ್ತು. ಥೇಟ್ ಬಾವಿ.

"ಮೇಡಂ, ಸ್ವಲ್ಪ ಮುಂದೆ ಹೋಗಿ..." ಹಿಂದಿನಿಂದ ಯಾರೋ ಗೊಣಗಿದರು.

"ಪಾತು, ಏನಾಯ್ತೇ?" ಅದು ಮಾಲತಿ, ಪಿಜಿಯ ರೂಮ್‌ಮೇಟ್. 'ಭಾನುವಾರ ಪೂರ್ತಿ ಗೋಡೆ ನೋಡ್ಕೊಂಡು ಕೂರ್ತೀಯಲ್ಲ, ಬಾ, ಊರಿನ ಯಾರಿಗೂ ಗೊತ್ತಿಲ್ಲದ ಜಾಗ ತೋರಿಸ್ತಾರಂತೆ' ಎಂದು ಎಳೆದುಕೊಂಡು ಬಂದವಳು ಅವಳೇ.

ಸರಳು ಹಿಡಿದ ಪಾತಮ್ಮನ ಬೆರಳು ಬೆಳ್ಳಗಾಗಿದ್ದವು. ಮೇಲೆ ಹತ್ತುವ ಹಾಗಿಲ್ಲ, ಕೆಳಗೆ ಇಳಿಯುವ ಹಾಗಿಲ್ಲ.

ಜನರನ್ನು ಸರಿಸಿಕೊಂಡು ಮೇಲಿನಿಂದ ಒಬ್ಬ ಇಳಿದು ಬಂದ. ಹೆಗಲ ಮೇಲೆ ಕರಿ ಕಂಬಳಿ. ಈ ತಂಡವನ್ನು ಕರೆದುಕೊಂಡು ಬಂದವನು ಅವನೇ, ನಾಗಭೂಷಣ.

"ಏನಾಯ್ತಮ್ಮ?"

"ಕಾಲು ಬರ್ತಿಲ್ಲ... ಕೆಳಗೆ ಬಾವಿ ಐತೆ."

ಬಾವಿ ಎಲ್ಲಿದೆ ಎಂದು ಅವನು ಕೇಳಲಿಲ್ಲ. "ಯಾವೂರು?" ಅಂದ.

"ಚಳ್ಳಕೆರೆ ಹತ್ರ... ದೊಡ್ಡಉಳ್ಳಾರ್ತಿ ಕಡೆ ಹಟ್ಟಿ."

"ನಮ್ದು ಮೊಳಕಾಲ್ಮೂರಿಂದ ಆಚೆ, ಗಡೀಲಿ. ಕುರಿ ಮೇಯಿಸಿದೀಯಾ?"

ತಲೆಯಾಡಿಸಿದಳು.

"ಬೆದರಿದ ಕುರಿಗೆ ಏನ್ ಮಾಡ್ತೀವಿ?"

"ಕಣ್ಣಿಗೆ... ಬಟ್ಟೆ ಮುಚ್ತೀವಿ."

ನಾಗಭೂಷಣ ಹೆಗಲ ಕಂಬಳಿ ತೆಗೆದ. ಒಂದು ಕ್ಷಣ ಅವನ ಕೈ ತಡೆಯಿತು. ಯಾಕೆ ತಡೆಯಿತು ಅನ್ನುವುದು ಪಾತಮ್ಮನಿಗೆ ಆಗ ತಿಳಿಯಲಿಲ್ಲ. ನಮಗೂ ಈಗಲೇ ಬೇಡ. ಆಮೇಲೆ ಅವನು ಉಸಿರು ಬಿಗಿಹಿಡಿದು ಆ ಕಂಬಳಿಯನ್ನು ಅವಳ ತಲೆಯ ಮೇಲಿಂದ ಹೊದಿಸಿಬಿಟ್ಟ.

ಕತ್ತಲು. ಉಣ್ಣೆಯ ವಾಸನೆ. ಅಪ್ಪನ ವಾಸನೆ, ಹಟ್ಟಿಯ ವಾಸನೆ.

"ನನ್ನ ಕೈ ಹಿಡ್ಕೊ. ನೀನೇನೂ ನೋಡಬ್ಯಾಡ, ನಾನು ನೋಡ್ತೀನಿ," ಎಂದಿತು ಕತ್ತಲಿನಾಚೆಯ ದನಿ.

ಅವಳು ಇಳಿದಳು. ಕಂಬಳಿ ತೆಗೆದಾಗ ಬೀದಿಯ ಬಿಸಿಲು, ಎದುರಿಗೆ ಅವನ ಮುಖ. ಹೆದರಿದವಳು ಅವಳಾದರೆ ಬೆವರು ಹರಿಯುತ್ತಿದ್ದದ್ದು ಅವನ ಹಣೆಯಲ್ಲಿ.

*

ಪಾತಮ್ಮ ಅನ್ನುವ ಹೆಸರು ಕೇಳಿ ನೀವು ಯಾರೋ ಅಜ್ಜಿ ಅಂದುಕೊಂಡಿದ್ದರೆ ತಪ್ಪು ನಿಮ್ಮದಲ್ಲ. ಅದು ಅವಳ ಅಜ್ಜಿಯ ಹೆಸರೇ. ಈಕೆಗಿನ್ನೂ ಇಪ್ಪತ್ತಮೂರು. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರುವ ಕೆಲಸ ಹಿಡಿದಿದ್ದಳು. ಸೂಜಿಗೆ ಹೆದರದ ಹುಡುಗಿ ಲಿಫ್ಟಿಗೆ ಹೆದರುತ್ತಿದ್ದಳು. ಅಪಾರ್ಟ್‌ಮೆಂಟಿನ ಹನ್ನೆರಡನೇ ಮಹಡಿಯಾದರೂ ಸರಿ, ಐಸ್ ಡಬ್ಬಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತವಳನ್ನು ಕಂಡು, ರಕ್ತ ಕೊಡಬೇಕಾದವರೇ ಅವಳಿಗೆ ನೀರು ಕೊಡುತ್ತಿದ್ದರು.

ಕಾರಣ ಒಂದು ಪಾಳು ಬಾವಿ. ಚಿಕ್ಕವಳಿದ್ದಾಗ ಕುರಿ ಮೇಯುವ ಕಾವಲಿನಲ್ಲಿ ತಪ್ಪಿಸಿಕೊಂಡ ಮರಿಯ ಹಿಂದೆ ಓಡಿ ಅದರೊಳಗೆ ಬಿದ್ದಿದ್ದಳು. ನೀರಿರಲಿಲ್ಲ. ಸಂಜೆಯವರೆಗೆ ತಲೆಯ ಮೇಲಿನ ಚೂರು ಆಕಾಶ ನೋಡುತ್ತಾ ಕೂತಿದ್ದಳು, ಕೂಗಿ ಕೂಗಿ ದನಿ ಬಿದ್ದುಹೋಗಿತ್ತು. ಕೊನೆಗೆ ಅಪ್ಪ ಯರ್ರಪ್ಪ ಹಗ್ಗದ ತುದಿಗೆ ಕಂಬಳಿಯನ್ನು ಜೋಲಿ ಕಟ್ಟಿ ಇಳಿಬಿಟ್ಟಿದ್ದ. ಅಂದಿನಿಂದ ಬಾವಿಯಂತೆ ಕಾಣುವುದೆಲ್ಲ ಅವಳಿಗೆ ಬಾವಿಯೇ.

ನಾಗಭೂಷಣ ವಾರವಿಡೀ ಪೇಟೆಯ ಉಣ್ಣೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಭಾನುವಾರ ಮಾತ್ರ ಅವನಿಗೆ ಊರು ಸುತ್ತುವ, ಸುತ್ತಿಸುವ ಹುಚ್ಚು. ಮಾಲ್, ಅರಮನೆ, ಪಾರ್ಕು ಅವನ ದಾರಿಯಲ್ಲಿ ಬರುತ್ತಲೇ ಇರಲಿಲ್ಲ.

"ಮುಂದಿನ ವಾರ ಬಾ," ಅಂದ ಗೋಪುರದ ಬಾಗಿಲಲ್ಲಿ. "ಇಷ್ಟು ಎತ್ತರ ಇಲ್ಲದ ಜಾಗಕ್ಕೆ ಕರ್ಕೊಂಡೋಗ್ತೀನಿ."

ಅವಳು ಹೋದಳು. ಅದರ ಮುಂದಿನ ವಾರವೂ ಹೋದಳು. ಮಾಲತಿಗೆ ಆ ಹೊತ್ತಿಗೆ ಬೇಸರ ಬಂದಿತ್ತು, ಇವಳಿಗೆ ಬರಲಿಲ್ಲ.

ನಾಟಕದ ವೇಷ ಬಾಡಿಗೆಗೆ ಕೊಡುವ ಅಂಗಡಿಗೆ ಕರೆದುಕೊಂಡು ಹೋಗಿ ಅವಳಿಗೆ ರಾಕ್ಷಸನ ಮೀಸೆ ಅಂಟಿಸಿದ. ಕನ್ನಡಿಯಲ್ಲಿ ತನ್ನನ್ನೇ ಕಂಡು ಬೆಚ್ಚಿ, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಳೇ ಮಾಳಿಗೆಯೊಂದರಲ್ಲಿ ಪಾರಿವಾಳ ಸಾಕುವವರು ಸಿಳ್ಳೆ ಹಾಕಿದರೆ ಹಿಂಡು ಹಿಂಡೇ ತಿರುಗಿ ಬರುವುದನ್ನು ತೋರಿಸಿದ. ಇನ್ನೊಮ್ಮೆ ರೈಲ್ವೆ ಹಳಿಯ ಮೇಲಿನ ಕಾಲುಸೇತುವೆಯ ನಡುವೆ ನಿಲ್ಲಿಸಿದ. ಕೆಳಗೆ ರೈಲು ಹೋದರೆ ಸೇತುವೆಯೆಲ್ಲ ನಡುಗುತ್ತದೆ, ಅದಕ್ಕೇ ಅಂತ ಬರುವ ಮಕ್ಕಳಿದ್ದಾರೆ ಅಂದ.

ರೈಲು ಬಂತು. ಪಾತಮ್ಮ ಅವನ ತೋಳು ಹಿಡಿದಳು.

"ಹೆದ್ರಿಕೆ ಆಗ್ತೈತಾ?"

"ಆಗ್ತೈತೆ."

"ಇಳಿಯಾನಾ?"

"ಇಳಿಯಾನ."

ಇಳಿದರು. ಅವನು ನಗಲಿಲ್ಲ, 'ಇಷ್ಟಕ್ಕೆಲ್ಲಾ ಹೆದರ್ತಾರಾ' ಅನ್ನಲಿಲ್ಲ. ಅವಳು ಅವನನ್ನು ಪ್ರೀತಿಸಲು ಶುರು ಮಾಡಿದ್ದು ಆ ಮೆಟ್ಟಿಲ ಕೊನೆಯಲ್ಲೇ ಇರಬೇಕು.

ಆದರೆ ಪ್ರೀತಿಯ ಜೊತೆಗೇ ಹೊಸ ಹೆದರಿಕೆಯೂ ಶುರುವಾಯಿತು.

ಪಾತಮ್ಮನ ಹಟ್ಟಿಯಲ್ಲಿ ಒಂದು ಕಟ್ಟು ಇತ್ತು. ಗಂಡಸಿನ ಸ್ವಂತ ಕಂಬಳಿಯನ್ನು ಹೆಣ್ಣುಮಕ್ಕಳು ದಾಟುವುದಿಲ್ಲ, ಅದರ ಮೇಲೆ ಕೂರುವುದಿಲ್ಲ. ಮದುವೆ ಗಟ್ಟಿಯಾದ ದಿನ ಗಂಡು ತನ್ನ ಕಂಬಳಿ ಹಾಸುತ್ತಾನೆ, ಹೆಣ್ಣು ಬಂದು ಕೂರುತ್ತಾಳೆ. ಅಲ್ಲಿಗೆ ಮಾತು ಮುಗಿಯಿತು, ಆಮೇಲೆ ಬಾಯಲ್ಲಿ ಹೇಳುವುದೇನೂ ಉಳಿಯುವುದಿಲ್ಲ.

ನಾಗಭೂಷಣನ ಹೆಗಲಲ್ಲಿ ಆ ಕಂಬಳಿ ಯಾವಾಗಲೂ ಇರುತ್ತಿತ್ತು. ಕರಿ ಉಣ್ಣೆ, ಅಂಚಿಗೆ ಜೋಡಿ ಬಿಳಿ ಗೆರೆ. ಅವನ ಅಜ್ಜಿ ನೂಲು ತೆಗೆದು ನೇಯಿಸಿದ್ದಂತೆ. ಬುತ್ತಿ ತಿನ್ನಲು ಕೂತಾಗ ಕಲ್ಲಿನ ಮೇಲೆ ಕೂರುತ್ತಿದ್ದರು, ಅಂಗಡಿ ಕಟ್ಟೆಯ ಮೇಲೆ ಕೂರುತ್ತಿದ್ದರು. ಅವನು ಕಂಬಳಿ ಹಾಸುತ್ತಲೇ ಇರಲಿಲ್ಲ.

'ಇವತ್ತಾದ್ರೂ ಹಾಸ್ತಾನಾ?' ಅವಳ ಕಣ್ಣು ಅವನ ಹೆಗಲ ಮೇಲೇ. 'ಹಾಸದೇ ಇದ್ರೆ? ನಾನು ಬರೀ ಜೊತೇಲಿ ನಡೆಯೋಳಾ ಇವನಿಗೆ?'

ಕೇಳಬಹುದಿತ್ತು. ಕೇಳಿಬಿಟ್ಟರೆ ಇದ್ದದ್ದೂ ಹೋದೀತು ಅನ್ನುವ ಹೆದರಿಕೆ.

*

ಆ ಭಾನುವಾರ ಊರಾಚೆಯ ಕೆರೆ. ಅಪಾರ್ಟ್‌ಮೆಂಟುಗಳ ನಡುವೆ ಒಣಗಿದ ಕೆರೆಯಂಗಳ, ಅಲ್ಲಿ ಈಗಲೂ ಕುರಿ ಮೇಯಿಸುವವರು ಬರುತ್ತಾರಂತೆ. 'ನಿಂಗೆ ಊರು ನೆನಪಾಗ್ತೈತೆ ನೋಡು' ಎಂದು ಹಿಂದಿನ ದಿನವೇ ಫೋನು ಮಾಡಿದ್ದ.

ಅವತ್ತು ಅಪರೂಪಕ್ಕೆ ಸ್ಯಾಂಪಲ್ ಕೆಲಸ ಬಿದ್ದು, ಮುಗಿಸಿ ಹೊರಡುವಾಗ ತಡವಾಯಿತು. ಕೆರೆಯ ಏರಿ ಹತ್ತಿ ನಿಂತವಳಿಗೆ ಕೆಳಗೆ ಕುರಿಗಳು ಕಂಡವು. ಸಂತೋಷದಿಂದ ಕೂಗಬೇಕೆಂದು ಬಾಯಿ ತೆರೆದಳು...

ನಾಗಭೂಷಣ ಹೆಗಲಿನಿಂದ ಕಂಬಳಿ ತೆಗೆಯುತ್ತಿದ್ದ. ಕೊಡವಿದ. ಹುಲ್ಲಿನ ಮೇಲೆ ನೀಟಾಗಿ ಹಾಸಿದ. ಪಕ್ಕದಲ್ಲಿ ಬಿಳಿ ಬಟ್ಟೆಯ ಹುಡುಗಿ, ಪುಷ್ಪಲತಾ. ಇಂಥ ಜಾಗಗಳ ವಿಡಿಯೋ ಮಾಡುವವಳು, ಒಮ್ಮೆ ಪಾರಿವಾಳದ ಮಾಳಿಗೆಗೂ ಬಂದಿದ್ದಳು. ಅವನು ಏನೋ ಹೇಳಿ ಕೈ ತೋರಿಸಿದ. ಅವಳು ನಗುತ್ತಾ ಕಂಬಳಿಯ ನಡುವೆ ಕೂತಳು.

ಪಾತಮ್ಮನ ಬಾಯಿ ಹಾಗೇ ಮುಚ್ಚಿತು.

ಏರಿಯ ಮೇಲೆ ಬಿಸಿಲಿತ್ತು, ಗಾಳಿಯಿತ್ತು. ಆದರೂ ಅವಳು ಮತ್ತೆ ಬಾವಿಯ ತಳದಲ್ಲಿ ಕೂತಿದ್ದಳು. ಈ ಸಲ ಹಗ್ಗ ಇಳಿಬಿಡುವವರು ಯಾರೂ ಇಲ್ಲ.

ತಿರುಗಿ ನಡೆದಳು. ಫೋನು ಬಡಿದುಕೊಂಡಿತು. ಎತ್ತಲಿಲ್ಲ. ಮಾರನೇ ದಿನವೂ ಎತ್ತಲಿಲ್ಲ. ಲ್ಯಾಬಿನಲ್ಲಿ ರಜೆ ಕೇಳಿ ಚಳ್ಳಕೆರೆ ಬಸ್ಸು ಹತ್ತಿದಳು. ಹಿರಿಯೂರು ದಾಟುವವರೆಗೂ ಅತ್ತಳು, ಆಮೇಲೆ ಪಕ್ಕದ ಸೀಟಿನಾಕೆ ನೋಡುತ್ತಾಳೆಂದು ನಿಲ್ಲಿಸಿದಳು.

*

ಹಟ್ಟಿಯಲ್ಲಿ ಅವ್ವ ರೊಟ್ಟಿ ತಟ್ಟುತ್ತಾ ಮಗಳ ಮುಖವನ್ನು ಮತ್ತೆ ಮತ್ತೆ ನೋಡಿದಳು, ಅಷ್ಟೆ. ಅಪ್ಪ ಮಾತ್ರ ಭಾನುವಾರ ಬೆಳಗ್ಗೆ, "ಬಾರಮ್ಮಿ, ಚಳ್ಳಕೆರೆಗೆ ಹೋಗಿ ಬರಾನ. ಕಂಬಳಿ ಸಂತೆ ಐತೆ. ಮನೇಲಿ ಕೂತು ಏನ್ ಮಾಡ್ತೀಯಾ?" ಅಂದ.

ಕಂಬಳಿಯ ಹೆಸರು ಕೇಳಿದ್ದೇ ಬೇಡ ಅನ್ನಿಸಿತು. ಆದರೂ ಹೋದಳು.

ಸಂತೆಯ ತುಂಬ ಕರಿ ಕಂಬಳಿಗಳ ಅಟ್ಟಿ. ವ್ಯಾಪಾರಿಗಳು ಉಣ್ಣೆ ಉಜ್ಜಿ ನೋಡುತ್ತಾ ಕನ್ನಡ, ತೆಲುಗು, ಉರ್ದು ಮೂರರಲ್ಲೂ ಚೌಕಾಸಿ ಮಾಡುತ್ತಿದ್ದರು. ಅಪ್ಪ ಪರಿಚಯದವರ ಜೊತೆ ಮಾತಿಗೆ ನಿಂತ. ಪಾತಮ್ಮ ಸುಮ್ಮನೆ ಸಾಲಿನಲ್ಲಿ ನಡೆದಳು.

ಒಂದು ಕಡೆ ಕಾಲು ನಿಂತಿತು.

ಕರಿ ಕಂಬಳಿ. ಅಂಚಿಗೆ ಜೋಡಿ ಬಿಳಿ ಗೆರೆ.

ಹಿಂದೆ ಒಬ್ಬಳು ಮುದುಕಿ, ಬಾಯಲ್ಲಿ ಎಲೆಅಡಿಕೆ. "ಏಮ್ಮಾ, ಬೇಕೇನೇ? ಮುಟ್ಟಿ ನೋಡು. ಈ ಅಂಚು ಹುಚ್ಚಕ್ಕ ಬಿಟ್ರೆ ಬೇರೆಯೋರು ಹಾಕಲ್ಲ."

"ಈ ಗೆರೆ... ನಾನು ಬೆಂಗಳೂರಾಗೆ ನೋಡಿದೀನಿ ಅಜ್ಜಿ."

"ನನ್ನ ಮೊಮ್ಮಗನ ಹೆಗಲ ಮ್ಯಾಲೆ ನೋಡಿರ್ತೀಯಾ." ಮುದುಕಿಯ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಅದನ್ನ ತೊಳೆಯೋ ಕಾಲ ಬಂತಲ್ಲಮ್ಮ. ಅದೇ ಸಂಕಟ ನಂಗೆ."

"ತೊಳೆಯೋದು ಅಂದ್ರೆ?"

"ನಿಮ್ಮ ಕಡೆ ಇಲ್ವಾ? ನಮ್ಮ ಹಟ್ಟೀಲಿ ಗಂಡು ತನ್ನ ಕಂಬಳೀನ ಹೆಣ್ಣಿನ ತಲೆ ಮ್ಯಾಲಿಂದ ಹೊದ್ಸಿದ್ರೆ ಆಕೀನೇ ಅವನ ಹೆಂಡ್ತಿ. ಒಂದ್ಸಲ ಹೊದ್ಸಿದ ಮ್ಯಾಲೆ ಇನ್ನೊಬ್ಬಳಿಗೆ ಹೊದ್ಸಂಗಿಲ್ಲ. ಹೆಣ್ಣು ಒಲ್ಲೆ ಅಂದ್ರೆ ಮಾತ್ರ ಮನೆ ಹಿರೇ ಹೆಂಗಸು ಕೆರೇಲಿ ತೊಳೀಬೇಕು. ಆಗ ಋಣ ಹರೀತು ಅಂತ."

ಪಾತಮ್ಮ ಕಂಬಳಿಯ ಬಿಳಿ ಗೆರೆ ಮುಟ್ಟಿದಳು.

"ಯಾರಿಗೆ... ಹೊದ್ಸಿದ್ರು?"

"ಯಾರೋ ಹುಡುಗಿ. ಯಾವುದೋ ಗೋಪುರದಾಗೆ ಹೆದ್ರಿ ನಡುಗ್ತಾ ನಿಂತಿದ್ಲಂತೆ. ಕೇಳಾಕೆ ಪುರುಸೊತ್ತಿಲ್ಲ, ಹೊದ್ಸಿಬಿಟ್ಟೆ ಅಜ್ಜಿ ಅಂದ. ಅವತ್ತಿಂದ ನನ್ನ ಮೊಮ್ಮಗ ಹೆದ್ರಿ ಸಾಯ್ತಾವ್ನೆ. ಆಕಿಗೆ ಹೇಳಿದ್ರೆ ಏನಂತಾಳೋ, ಬಲವಂತ ಮಾಡ್ದಂಗೆ ಆಗ್ತೈತೋ ಅಂತ. ಆಕಿ ತಾನಾಗೇ ಒಪ್ಪೋ ತನಕ ಬಾಯಿ ಬಿಡಲ್ಲ ಅಂತಿದ್ದ. ಈಗ ನೋಡಿದ್ರೆ ಆಕಿ ಫೋನೇ ಎತ್ತಲ್ವಂತೆ."

ಸಂತೆಯ ಗದ್ದಲವೆಲ್ಲ ದೂರ ಸರಿದಂತಾಯಿತು. ಗೋಪುರದಲ್ಲಿ ಅವನ ಕೈ ತಡೆದದ್ದು... ಹಣೆಯ ಮೇಲಿನ ಬೆವರು...

"ಅಜ್ಜಿ, ಅವರು ಬೇರೆ ಯಾರಿಗಾದ್ರೂ... ಆ ಕಂಬಳೀನ ಹಾಸಿದ್ರೆ?"

"ಹಾಸದಾ?" ಹುಚ್ಚಕ್ಕ ನಕ್ಕಳು. "ಹಾಸದು ಬಂದೋರಿಗಮ್ಮ. ಅತಿಥಿ ಬಂದ್ರೆ ನೆಲದ ಮ್ಯಾಲೆ ಕೂರುಸ್ತೀವಾ? ಅದ್ರಾಗೇನೈತೆ?"

ಎರಡೂ ಹಟ್ಟಿಗಳ ನಡುವೆ ಇರುವುದು ಅರ್ಧ ದಿನದ ದಾರಿ. ಒಂದೇ ಕುರಿ, ಒಂದೇ ಉಣ್ಣೆ. ಇವಳ ಹಟ್ಟಿಯಲ್ಲಿ ಹಾಸುವುದಕ್ಕಿರುವ ಅರ್ಥ ಅವನ ಹಟ್ಟಿಯಲ್ಲಿ ಹೊದಿಸುವುದಕ್ಕೆ. ಈ ಹುಡುಗಿ ಹಾಸಲಿ ಎಂದು ಕಾಯುತ್ತಾ ಕೂತಿದ್ದಳು; ಅವನು ಮೊದಲ ದಿನವೇ ಹೊದಿಸಿ ಮುಗಿಸಿದ್ದ!

"ಬರೋ ಐತ್ವಾರ ಆ ಗೋಪುರಕ್ಕೆ ಕೊನೇ ಸಲ ಜನಾನ ಕರ್ಕೊಂಡೋಗಿ, ಅಂಗಡಿ ಕೆಲ್ಸಾನೂ ಬಿಟ್ಟು ಬರ್ತಾನಂತೆ," ಹುಚ್ಚಕ್ಕ ನಿಟ್ಟುಸಿರಿಟ್ಟಳು. "ಬಂದ ದಿನವೇ ತೊಳೆದುಬಿಡು ಅಜ್ಜಿ, ಇಟ್ಕೊಂಡ್ರೆ ಹೊಟ್ಟೆ ಉರೀತೈತೆ ಅಂದ. ಅಂದಂಗೆ ನಿನ್ನ ಹೆಸರೇನಮ್ಮ?"

"ಪಾತಮ್ಮ."

ಮುದುಕಿಯ ಬಾಯಿ ಅಗಿಯುವುದನ್ನು ನಿಲ್ಲಿಸಿತು. ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಬೈಯಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. ಮಡಿಲಲ್ಲಿದ್ದ ಕಂಬಳಿಯ ಬಿಳಿ ಗೆರೆ ಸವರುತ್ತಾ ಮೆಲ್ಲಗೆ ಕೇಳಿದಳು.

"ತೊಳೀಲಾ, ಬಿಡ್ಲಾ? ಹೇಳಿಬಿಟ್ಟು ಹೋಗು ಬಿಡ್ಡಾ."

ಪಾತಮ್ಮನಿಗೆ ಅಳು ಬಂತು. "ತೊಳೀಬ್ಯಾಡ್ರಿ ಅಜ್ಜಿ."

*

ಫೋನಿನಲ್ಲಿ ಹೇಳಬಹುದಿತ್ತು ಅನ್ನುತ್ತೀರಾ? ಅವನ ಹೆಸರಿನ ಮೇಲೆ ಬೆರಳಿಟ್ಟು ಎಷ್ಟೋ ಸಲ ತೆಗೆದಳು. ಎತ್ತದೇ ಬಿಟ್ಟ ಫೋನುಗಳ ಲೆಕ್ಕಕ್ಕೆ ಒಂದು ಫೋನು ಸಮ ಆಗುವುದಿಲ್ಲ ಅನ್ನಿಸಿತು. ಹೆದರಿ ಓಡಿಹೋದವಳು ನಡೆದುಕೊಂಡೇ ವಾಪಸ್ಸು ಹೋಗಬೇಕು.

ಭಾನುವಾರ ಗೋಪುರದ ಬಾಗಿಲಲ್ಲಿ ಕಾವಲುಗಾರ ತೋಟಪ್ಪ ಬೀಡಿ ಸೇದುತ್ತಾ ಕೂತಿದ್ದ.

"ತಂಡ ಹೋಯ್ತಲ್ಲಮ್ಮ. ಅವನೊಬ್ಬ ಮೇಲೇ ಕೂತವ್ನೆ. ಬೀಗ ಹಾಕಬೇಕು, ಕರೀಲಾ?"

"ಬ್ಯಾಡಣ್ಣ. ನಾನೇ ಹತ್ತೀನಿ."

ಮೊದಲ ಸುತ್ತು ಗೋಡೆ ಹಿಡಿದು ಹತ್ತಿದಳು. ಎರಡನೇ ಸುತ್ತಿಗೆ ಎರಡೂ ಕೈಯಲ್ಲಿ ಸರಳು ಹಿಡಿದಳು. ಕಬ್ಬಿಣ ಕಿರುಗುಟ್ಟಿದಾಗಲೆಲ್ಲ ಇಡೀ ಗೋಪುರವೇ ಕಳಚಿ ಬೀಳುತ್ತದೆ ಅನ್ನಿಸಿತು. ಅಂಗೈ ಬೆವರಿ ಸರಳು ಜಾರುತ್ತಿತ್ತು. ಒಂದು ಮೆಟ್ಟಿಲು... ಉಸಿರು... ಇನ್ನೊಂದು ಮೆಟ್ಟಿಲು...

ಅಂದು ನಿಂತುಹೋಗಿದ್ದ ತಿರುವು ಬಂತು. ಕೆಳಗೆ ನೋಡಿದಳು. ಬಾವಿ ಅಲ್ಲೇ ಇತ್ತು, ಅಷ್ಟೇ ಕಪ್ಪಗೆ.

'ಕರೀಲಾ? ಕರೆದ್ರೆ ಓಡಿ ಬರ್ತಾನೆ. ಮತ್ತೆ ಕಣ್ಣು ಮುಚ್ಚಿ ಇಳಿಸ್ತಾನೆ.'

ಕರೆಯಲಿಲ್ಲ. ಅಳುತ್ತಲೇ ಕಾಲೆತ್ತಿ ಮುಂದಿನ ಮೆಟ್ಟಿಲ ಮೇಲಿಟ್ಟಳು.

ಮೇಲೆ ನಿಂತುಹೋದ ಗಡಿಯಾರದ ಹಿಂದೆ ಸಣ್ಣ ಅಟ್ಟ. ಗಾಜು ಒಡೆದ ಕಿಂಡಿಯಿಂದ ಬೆಳಕು. ನಾಗಭೂಷಣ ಗೋಡೆಗೊರಗಿ ಕೂತಿದ್ದ. ಕಂಬಳಿ ಹೆಗಲ ಮೇಲಿರಲಿಲ್ಲ, ಮಡಚಿ ಪಕ್ಕಕ್ಕಿಟ್ಟಿದ್ದ. ಅವಳನ್ನು ಕಂಡು ದಡಬಡಿಸಿ ಎದ್ದ.

"ನೀನು... ಒಬ್ಬಳೇ ಹತ್ತಿ ಬಂದ್ಯಾ?"

ಅಲ್ಲೇ ಗೋಡೆ ಹಿಡಿದು ಕುಸಿದಳು.

"ಪಾತು, ಒಂದು ಮಾತು ಹೇಳಬೇಕು," ಅಂದ ಅವನು. "ಅವತ್ತು ನಿನ್ನ ಕೇಳದೇ ನಾನು ಒಂದು ತಪ್ಪು..."

"ಗೊತ್ತು. ಅಜ್ಜಿ ಸಿಕ್ಕಿದ್ರು ಚಳ್ಳಕೆರೆ ಸಂತೇಲಿ."

ಅವನ ಮುಖದ ಬಣ್ಣ ಇಳಿಯಿತು. "ಎಲ್ಲಾ ಹೇಳಿಬಿಟ್ಳಾ?"

"ಎಲ್ಲಾ."

"ಅದು ನಮ್ಮ ಹಟ್ಟಿ ಕಟ್ಟು ಅಷ್ಟೇ. ನಿನ್ನ ಮೇಲೆ ಅದರ ಭಾರ ಇಲ್ಲ. ನಾಳೆ ಊರಿಗೆ ಹೋಗ್ತೀನಿ, ಅಜ್ಜಿ ತೊಳೀತಾಳೆ, ಆಮೇಲೆ ನೀನು..."

"ಕೆರೆಯಂಗಳದಾಗೆ ಆಕೆಗೆ ಕಂಬಳಿ ಹಾಸಿದ್ದು ನೋಡ್ದೆ," ಪಾತಮ್ಮ ನಡುವೆ ಬಾಯಿ ಹಾಕಿದಳು. "ನಮ್ಮ ಹಟ್ಟೀಲಿ ಹಾಸಿದ್ರೆ... ಆಕೀನೇ ಹೆಂಡ್ತಿ. ಅದಕ್ಕೇ ಓಡಿಹೋದೆ."

ತನ್ನ ಹಟ್ಟಿ, ಅವಳ ಹಟ್ಟಿ, ನಡುವಿನ ಎಡವಟ್ಟು ಎಲ್ಲ ನಾಗಭೂಷಣನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು.

"ಆಕೆ ಬಟ್ಟೆ ಕೊಳೆ ಆಗ್ತೈತೆ ಅಂತ ನಿಂತೇ ಇದ್ಲು. ಬಂದೋರಲ್ವಾ ಅಂತ ಹಾಸ್ದೆ."

"ನಂಗೆ ಮಾತ್ರ ಒಂದಿನಾನೂ ಹಾಸ್ಲಿಲ್ಲ."

"ಬಂದೋರಿಗೆ ಹಾಸ್ತಾರೆ ಪಾತು," ಅವನು ಮೆಲ್ಲಗೆ ಅಂದ. "ಮನೆಯೋರಿಗೆ ಯಾರಾದ್ರೂ ಹಾಸ್ತಾರಾ?"

ಅವಳು ಮುಖ ಮುಚ್ಚಿಕೊಂಡಳು. ಇಷ್ಟು ದಿನ ತಡೆದಿದ್ದ ಅಳು ನಗುವಿನ ಜೊತೆ ಸೇರಿ ಹೊರಗೆ ಬಂತು. ಅವನು ಹತ್ತಿರ ಬಂದು ಎದುರಿಗೆ ಕೂತ. ಮುಟ್ಟಲು ಧೈರ್ಯವಾಗಲಿಲ್ಲ.

"ಈಗ ಹಾಸು," ಅಂದಳು.

"ಹಾ?"

"ನಮ್ಮ ಹಟ್ಟಿ ಕಟ್ಟೂ ಆಗ್ಲಿ. ಹಾಸು."

ಅವನು ಕಂಬಳಿ ಬಿಚ್ಚಿ ಕೊಡವಿದ. ಅಟ್ಟ ಕಿರಿದು, ಅರ್ಧ ಕಂಬಳಿಗೇ ಜಾಗ ಮುಗಿಯಿತು. ಪಾತಮ್ಮ ಸರಿದು ಅದರ ಮೇಲೆ ಕೂತಳು. ಮಿಕ್ಕ ಅರ್ಧ ಅವನ ಕೈಯಲ್ಲೇ ಉಳಿಯಿತು.

"ಈ ಸಲ ಕೇಳ್ತೀನಿ," ಅಂದ. "ಹೊದ್ಸಲಾ?"

"ಕಣ್ಣು ಮುಚ್ಚಬ್ಯಾಡ. ನೋಡ್ತಾ ಇರ್ತೀನಿ."

ಅವನು ಅವಳ ಪಕ್ಕದಲ್ಲಿ ಕೂತು ಉಳಿದರ್ಧವನ್ನು ಇಬ್ಬರ ತಲೆಯ ಮೇಲೂ ಎಳೆದ. ಬಿಳಿ ಗೆರೆ ಅವಳ ಹಣೆಯ ಮೇಲೆ ಬಂದು ನಿಂತಿತು. ಅದರ ಕೆಳಗಿನಿಂದ ಕಬ್ಬಿಣದ ಮೆಟ್ಟಿಲು, ಸುರುಳಿ, ತಳದ ಕಪ್ಪು ಎಲ್ಲ ಕಾಣುತ್ತಿದ್ದವು. ಅವಳ ಬೆರಳು ಅವನ ಬೆರಳನ್ನು ಹುಡುಕಿ ಬಿಗಿಯಾಗಿ ಹಿಡಿಯಿತು.

ಕೆಳಗಿನಿಂದ ತೋಟಪ್ಪ ಬೀಗದ ಕೈ ಅಲ್ಲಾಡಿಸಿದ ಸದ್ದು ಕೇಳಿತು.

"ಹೆದ್ರಿಕೆ ಆಗ್ತೈತಾ?"

"ಆಗ್ತೈತೆ."

"ಇಳಿಯಾನಾ?"

ಪಾತಮ್ಮ ಅವನ ಹೆಗಲಿಗೆ ತಲೆ ಒರಗಿಸಿದಳು.

"ಇನ್ನೊಂಚೂರು ಹೊತ್ತು ಹೆದರ್ತೀನಿ... ಇರು."